ಸಹಾಯಧನ: ಬೆಳೆಗೋ, ಹೆಸರಿಗೋ?



ಶ್ರೀಮಠದ ಭಕ್ತರು ಗಡಿಯ ಈಚೆಗೂ ಆಚೆಗೂ ಹರಡಿದ್ದಾರೆ. ಬೀದರ, ಬೆಳಗಾವಿ ಕಡೆಯವರು ಸೋಯಾ ಅವರೆ ಬೆಳೆಯುತ್ತಾರೆ. ಕಾಸರಗೋಡು, ಮಂಜೇಶ್ವರ ತಾಲೂಕಿನವರು ಅಡಿಕೆ, ತೆಂಗು, ಕರಿಮೆಣಸು ನೋಡಿಕೊಂಡಿದ್ದಾರೆ. ವರ್ಷಕ್ಕೊಮ್ಮೆ ಎಲ್ಲರೂ ಒಂದೆಡೆ ಸೇರಿದಾಗ ಪ್ರಸಾದದ ಪಂಕ್ತಿಯಲ್ಲಿ ಕುಳಿತು ಮಾತನಾಡುವುದು ಮಳೆ ಮತ್ತು ಬೆಲೆಯ ವಿಷಯವನ್ನೇ. ಹೀಗೆ ಮಾತಾಡುವಾಗ ಕಾಸರಗೋಡಿನ ಹಿರಿಯರೊಬ್ಬರು ನನ್ನನ್ನು ಕೇಳಿದರು: "ಬೀದರದವರ ಸೋಯಾ ಅವರೆಗೆ ಸರಕಾರ ಬೆಲೆ ಕಟ್ಟುತ್ತದೆ, ಬೀಜಕ್ಕೆ ರಿಯಾಯಿತಿ ಕೊಡುತ್ತದೆ. ನಮ್ಮ ಅಡಿಕೆಗೆ ಎಂತ ಉಂಟು ಸ್ವಾಮಿ?"

ಪ್ರಶ್ನೆ ನ್ಯಾಯವಾದದ್ದು. ಉತ್ತರವನ್ನು ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ. ಲೆಕ್ಕಪತ್ರ ಓದಿದವನಾದ್ದರಿಂದ ಸರಕಾರದ ನೆರವು ರೈತನ ಕೈಗೆ ಹೇಗೆ ಬರುತ್ತದೆ, ಎಲ್ಲಿ ನಿಂತುಬಿಡುತ್ತದೆ ಎಂಬುದನ್ನು ಈ ಪಾಠದಲ್ಲಿ ಲೆಕ್ಕದ ರೂಪದಲ್ಲಿಯೇ ಬಿಡಿಸಿ ಹೇಳಲು ಪ್ರಯತ್ನಿಸುತ್ತೇನೆ.

1. ನೆರವಿನಲ್ಲಿ ಮೂರು ಬಗೆ

ನಾವು ಎಲ್ಲವನ್ನೂ "ಸಬ್ಸಿಡಿ" ಎಂದು ಒಂದೇ ಹೆಸರಿನಿಂದ ಕರೆಯುತ್ತೇವೆ. ಆದರೆ ಇದರಲ್ಲಿ ಮೂರು ಬಗೆಗಳಿವೆ.

ಮೊದಲನೆಯದು ಖರ್ಚಿಗೆ ನೆರವು. ಬೀಜ, ಗೊಬ್ಬರ, ಸಿಂಪರಣೆ ಯಂತ್ರ, ಹನಿ ನೀರಾವರಿ, ಸಾಲದ ಬಡ್ಡಿ ಇವುಗಳಲ್ಲಿ ಒಂದು ಪಾಲನ್ನು ಸರಕಾರ ಹೊರುತ್ತದೆ. ಎರಡನೆಯದು ಬೆಲೆಗೆ ನೆರವು. ಪೇಟೆ ಬೆಲೆ ಒಂದು ಮಟ್ಟಕ್ಕಿಂತ ಕೆಳಗೆ ಇಳಿದರೆ ಸರಕಾರವೇ ಕೊಳ್ಳುತ್ತದೆ, ಇಲ್ಲವೇ ವ್ಯತ್ಯಾಸವನ್ನು ತುಂಬಿಕೊಡುತ್ತದೆ. ಮೂರನೆಯದು ನಷ್ಟಕ್ಕೆ ನೆರವು. ವಿಮೆ ಮತ್ತು ಪರಿಹಾರ ಇದಕ್ಕೆ ಸೇರುತ್ತವೆ.

ಇವಲ್ಲದೆ ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ನಿಧಿ ಇದೆ. 2019ರ ಫೆಬ್ರವರಿಯಲ್ಲಿ ಆರಂಭವಾದ ಈ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ, 2,000ದ ಮೂರು ಕಂತುಗಳಲ್ಲಿ ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ. ಸೋಯಾ ಬೆಳೆದವನಿಗೂ ಅಡಿಕೆ ಬೆಳೆದವನಿಗೂ ಇದು ಒಂದೇ. ಬೆಳೆ ಯಾವುದೆಂದು ಇಲ್ಲಿ ಯಾರೂ ಕೇಳುವುದಿಲ್ಲ, ಭೂಮಿ ಯಾರ ಹೆಸರಿನಲ್ಲಿದೆ ಎಂದು ಮಾತ್ರ ಕೇಳುತ್ತಾರೆ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

2. ಸೋಯಾ ಅವರೆಯ ಲೆಕ್ಕ

ಬೀದರದ ರೈತನಿಗೆ ಸಿಗುವುದೇನೆಂದು ಮೊದಲು ನೋಡೋಣ. ಮುಂಗಾರಿಗೆ ಮುನ್ನ ರೈತ ಸಂಪರ್ಕ ಕೇಂದ್ರದಲ್ಲಿ ರಿಯಾಯಿತಿ ದರದ ಬೀಜ ಸಿಗುತ್ತದೆ. ಸೋಯಾ ಬೀಜದ ಮೊಳಕೆಯ ಶಕ್ತಿ ಬೇಗ ಕುಗ್ಗುತ್ತದೆ. ಚೀಲವನ್ನು ಎತ್ತಿ ಎಸೆದರೂ ಬೀಜಕ್ಕೆ ಪೆಟ್ಟು. ಪ್ರಮಾಣಿತ ಬೀಜಕ್ಕೆ ಕನಿಷ್ಠ ಶೇ. 70 ಮೊಳಕೆ ಇರಬೇಕೆಂಬ ನಿಯಮವಿದೆ. ಎಕರೆಗೆ ಸುಮಾರು 30 ಕಿಲೋ ಬೀಜ ಬೇಕಾಗುವುದರಿಂದ ಈ ರಿಯಾಯಿತಿ ಸಣ್ಣ ವಿಷಯವಲ್ಲ.

ಇನ್ನು ಬೆಲೆ. ಕೇಂದ್ರ ಸರಕಾರ 22 ಬೆಳೆಗಳಿಗೆ ಕನಿಷ್ಠ ಬೆಂಬಲ ಬೆಲೆ ಸಾರುತ್ತದೆ. ಹಳದಿ ಸೋಯಾ ಅವರೆ ಅದರಲ್ಲಿ ಒಂದು. ಕ್ವಿಂಟಲಿಗೆ 2023-24ರಲ್ಲಿ 4,600 ರೂಪಾಯಿ, 2024-25ರಲ್ಲಿ 4,892 ರೂಪಾಯಿ, 2025-26ರಲ್ಲಿ 5,328 ರೂಪಾಯಿ ಎಂದು ಅದು ಏರುತ್ತ ಬಂದಿದೆ.

ಕೇಳಲು ಚೆನ್ನಾಗಿದೆ. ಆದರೆ ಸಾರಿದ ಬೆಲೆಯೇ ಬೇರೆ, ಕೈಗೆ ಬಂದ ಬೆಲೆಯೇ ಬೇರೆ. ಆ ಬೆಲೆ ಸಿಗಬೇಕಾದರೆ ಖರೀದಿ ಕೇಂದ್ರ ತೆರೆದಿರಬೇಕು, ರೈತ ಮೊದಲೇ ಹೆಸರು ನೋಂದಾಯಿಸಿರಬೇಕು, ಕಾಳಿನ ತೇವಾಂಶ ಶೇ. 12ನ್ನು ಮೀರಿರಬಾರದು. 2024ರ ಸುಗ್ಗಿಯಲ್ಲಿ ಪೇಟೆ ಬೆಲೆ ಬೆಂಬಲ ಬೆಲೆಗಿಂತ ಕೆಳಗೆ ಬಿದ್ದಿತು. ಮಳೆಗೆ ನೆನೆದ ಕಾಳನ್ನು ಕೇಂದ್ರಗಳಲ್ಲಿ ತೆಗೆದುಕೊಳ್ಳಲಿಲ್ಲವೆಂಬ ದೂರು ಎದ್ದ ಮೇಲೆ ಆ ಒಂದು ಹಂಗಾಮಿಗೆ ಮಾತ್ರ ಶೇ. 15ರ ವರೆಗೆ ತೇವಾಂಶವಿದ್ದರೂ ಕೊಳ್ಳಬಹುದೆಂದು ಕೇಂದ್ರ ಸರಕಾರ ನವೆಂಬರಿನಲ್ಲಿ ಸಡಿಲಿಕೆ ಕೊಟ್ಟಿತು. ಅಷ್ಟರಲ್ಲಿ ಸಾಲ ಇದ್ದವನು, ಮನೆಯಲ್ಲಿ ಒಣಗಿಸಲು ಜಾಗ ಇಲ್ಲದವನು ವ್ಯಾಪಾರಿಗೆ ಕೊಟ್ಟು ಕೈ ತೊಳೆದುಕೊಂಡಿದ್ದನು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಆ ವರ್ಷ ಒಬ್ಬನು 4,892ರ ಬದಲು ವ್ಯಾಪಾರಿಗೆ 4,200ಕ್ಕೆ ಮಾರಿದನೆಂದು ಇಟ್ಟುಕೊಳ್ಳಿ. ಕ್ವಿಂಟಲಿಗೆ 692 ರೂಪಾಯಿ ಕಡಿಮೆ. ಇಪ್ಪತ್ತು ಕ್ವಿಂಟಲಿಗೆ 13,840 ರೂಪಾಯಿ. ಹಂಗಾಮಿನ ಬೀಜ, ಗೊಬ್ಬರದ ರಿಯಾಯಿತಿಯಲ್ಲಿ ಉಳಿದದ್ದು ಹೀಗೆ ಒಂದೇ ದಿನ ಪೇಟೆಯಲ್ಲಿ ಹೋಗಿಬಿಡಬಹುದು.

ಮಧ್ಯಪ್ರದೇಶದಲ್ಲಿ ಇನ್ನೊಂದು ದಾರಿ ಹಿಡಿದರು. 2017ರಲ್ಲಿಯೂ, ಮತ್ತೆ 2025ರಲ್ಲಿ ಸೋಯಾಕ್ಕೆಂದೇ ಸಹ, ಅಲ್ಲಿಯ ಸರಕಾರ ಕಾಳನ್ನು ಕೊಳ್ಳದೆ ಬೆಲೆಯ ಅಂತರವನ್ನು ರೈತನ ಖಾತೆಗೆ ಹಾಕುವ "ಭಾವಾಂತರ" ಯೋಜನೆ ನಡೆಸಿತು. ಇದರಲ್ಲಿಯೂ ಒಂದು ಸೂಕ್ಷ್ಮವಿದೆ. ಮಂಡಿಗಳ ಸರಾಸರಿಯಿಂದ ಒಂದು ಮಾದರಿ ದರ ಗೊತ್ತುಮಾಡುತ್ತಾರೆ. ಬೆಂಬಲ ಬೆಲೆ 5,328, ಮಾದರಿ ದರ 4,000 ಎಂದು ಇಟ್ಟುಕೊಂಡರೆ ಸಿಗುವ ಅಂತರ 1,328. ಒಬ್ಬನು ಅವಸರಕ್ಕೆ 3,800ಕ್ಕೆ ಮಾರಿದ್ದರೆ ಅವನಿಗೆ ಒಟ್ಟು ಬಂದದ್ದು 5,128. ಉಳಿದ 200 ಅವನ ಪಾಲಿನ ನಷ್ಟವೇ. ಯೋಜನೆ ಇದ್ದರೂ ಚೌಕಾಸಿ ಮಾಡುವ ಹೊಣೆ ರೈತನಿಗೆ ತಪ್ಪುವುದಿಲ್ಲವೆಂದಾಯಿತು.

3. ಅಡಿಕೆಗೆ ಏಕೆ ಇಲ್ಲ?

ಈಗ ಕಾಸರಗೋಡಿನ ಹಿರಿಯರ ಪ್ರಶ್ನೆಗೆ ಬರೋಣ. ಬೆಂಬಲ ಬೆಲೆಯ 22 ಬೆಳೆಗಳ ಪಟ್ಟಿಯಲ್ಲಿ ಅಡಿಕೆ ಇಲ್ಲ. ಅದು ಹೊಟ್ಟೆ ತುಂಬುವ ಧಾನ್ಯವಲ್ಲ, ಎಣ್ಣೆ ಕೊಡುವ ಕಾಳೂ ಅಲ್ಲ. ಮೇಲಾಗಿ ಅಡಿಕೆ ಜಗಿಯುವುದು ಕ್ಯಾನ್ಸರಿಗೆ ಕಾರಣವಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೇಳಿದೆ. ಬೆಳೆಗಾರರಿಗೆ ಇದು ಕಹಿಯಾದರೂ ತಿಳಿದಿರಬೇಕಾದ ಮಾತು.

ಹಾಗಾದರೆ ಅಡಿಕೆಗೆ ಸರಕಾರದ ಆಸರೆಯೇ ಇಲ್ಲವೇ? ಇದೆ, ಆದರೆ ಅದು ಬಂದರಿನ ಬಾಗಿಲಲ್ಲಿದೆ. ಹೊರದೇಶದ ಅಗ್ಗದ ಅಡಿಕೆ ಒಳಗೆ ಬಂದು ಬೆಲೆ ಕೆಡಿಸಬಾರದೆಂದು ಕನಿಷ್ಠ ಆಮದು ಬೆಲೆ ಗೊತ್ತುಮಾಡಿದ್ದಾರೆ. 2017ರಲ್ಲಿ ಇದು ಕಿಲೋಗೆ 251 ರೂಪಾಯಿ ಆಯಿತು. 2023ರ ಫೆಬ್ರವರಿಯಲ್ಲಿ 351 ರೂಪಾಯಿಗೆ ಏರಿತು. ಇದು ರೈತನಿಗೆ ಕೊಡುವ ಬೆಲೆಯಲ್ಲ. ಅದಕ್ಕಿಂತ ಕಡಿಮೆ ಬೆಲೆಯ ಅಡಿಕೆಯನ್ನು ಆಮದು ಮಾಡುವಂತಿಲ್ಲ ಎಂಬ ಬೇಲಿ ಮಾತ್ರ. ಕಳ್ಳದಾರಿಯಲ್ಲಿ ಬರುವ ಮಾಲಿಗೆ ಬೇಲಿ ಕಾಣುವುದಿಲ್ಲ ಎಂಬುದು ಬೆಳೆಗಾರರ ಹಳೆಯ ದೂರು.

ಅಡಿಕೆಯ ನಿಜವಾದ ಬೆಂಬಲ ಬೆಲೆ ಬಂದದ್ದು ಬೆಳೆಗಾರರ ಒಗ್ಗಟ್ಟಿನಿಂದ. 1970ರ ನಂತರ ಅಡಿಕೆಯ ಬೆಲೆ ಕುಸಿದು ತೋಟದವರು ಕಂಗೆಟ್ಟಾಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರ ಜುಲೈ 11ರಂದು ಮಂಗಳೂರಿನಲ್ಲಿ ಕ್ಯಾಂಪ್ಕೊ ಸ್ಥಾಪನೆಯಾಯಿತು. ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರು ಒಂದೇ ಸಹಕಾರಿ ಸಂಸ್ಥೆಯ ಸದಸ್ಯರಾದರು. 1956ರಲ್ಲಿ ರಾಜ್ಯಗಳ ಗಡಿ ನಮ್ಮನ್ನು ಬೇರೆ ಮಾಡಿತ್ತು. ಹದಿನೇಳು ವರ್ಷದ ಮೇಲೆ ಅಡಿಕೆ ನಮ್ಮನ್ನು ಒಂದು ತಕ್ಕಡಿಗೆ ತಂದಿತು. ಕೊಳ್ಳುವವನೊಬ್ಬ ಪೇಟೆಯಲ್ಲಿ ನಿಂತಿದ್ದಾನೆಂದರೆ ಉಳಿದ ವ್ಯಾಪಾರಿಗಳು ಬೆಲೆಯನ್ನು ಮನಬಂದಂತೆ ಇಳಿಸಲಾರರು. ಬೀದರದಲ್ಲಿ ಸರಕಾರ ಮಾಡಬೇಕಾದ ಕೆಲಸವನ್ನು ಇಲ್ಲಿ ಸಹಕಾರಿ ಸಂಘ ಮಾಡುತ್ತ ಬಂದಿದೆ.

ತೋಟದಲ್ಲಿರುವುದು ಅಡಿಕೆಯೊಂದೇ ಅಲ್ಲ. ಕೊಬ್ಬರಿ ಆ 22ರ ಪಟ್ಟಿಯಲ್ಲಿದೆ. 2025ರ ಹಂಗಾಮಿಗೆ ಗಾಣದ ಕೊಬ್ಬರಿಗೆ ಕ್ವಿಂಟಲಿಗೆ 11,582 ರೂಪಾಯಿ, ಉಂಡೆ ಕೊಬ್ಬರಿಗೆ 12,100 ರೂಪಾಯಿ ಇತ್ತು. ಆ ವರ್ಷ ಪೇಟೆಯ ಬೆಲೆ ಇದಕ್ಕಿಂತ ಬಹಳ ಮೇಲಿದ್ದುದರಿಂದ ಯಾರಿಗೂ ಅದರ ನೆನಪಾಗಲಿಲ್ಲ. ಬೆಲೆ ಬಿದ್ದಾಗ ನೆನಪಾಗುತ್ತದೆ. ಕೇರಳ ಸರಕಾರ 2020ರ ನವೆಂಬರ್ 1ರಿಂದ 16 ಬಗೆಯ ತರಕಾರಿ, ಹಣ್ಣು, ಗೆಡ್ಡೆಗಳಿಗೆ ಉತ್ಪಾದನಾ ಖರ್ಚಿನ ಮೇಲೆ ಶೇ. 20 ಸೇರಿಸಿ ತಳಹದಿ ಬೆಲೆ ಗೊತ್ತುಮಾಡಿತು. ಮರಗೆಣಸು, ನೇಂದ್ರಬಾಳೆ, ಹಾಗಲ, ಪಡುವಲ ಅದರಲ್ಲಿವೆ. ತೋಟದ ನಡುವೆ ಬಾಳೆ, ತರಕಾರಿ ಹಾಕುವವರು ಕೃಷಿ ಭವನದಲ್ಲಿ ಇದನ್ನು ವಿಚಾರಿಸಿಕೊಳ್ಳಬೇಕು.

4. ಶೇಕಡಾ ಎಂಬ ಮಾತಿಗೆ ಮರುಳಾಗಬೇಡಿ

ಖರ್ಚಿನ ನೆರವಿನಲ್ಲಿ ನಮ್ಮವರು ಮೋಸ ಹೋಗುವುದು ಶೇಕಡಾ ಎಂಬ ಮಾತಿನಲ್ಲಿ. ಹನಿ ನೀರಾವರಿಗೆ ಕೇಂದ್ರದ ಯೋಜನೆಯಲ್ಲಿ ಸಣ್ಣ ಮತ್ತು ಅತಿಸಣ್ಣ ರೈತರಿಗೆ ಶೇ. 55, ಉಳಿದವರಿಗೆ ಶೇ. 45 ಸಹಾಯಧನವಿದೆ. ಎರಡು ಹೆಕ್ಟೇರಿನ ಒಳಗಿನವರು ಸಣ್ಣ ರೈತರು, ಒಂದು ಹೆಕ್ಟೇರು ಎಂದರೆ ಸುಮಾರು 247 ಸೆಂಟ್ಸಿನ ಒಳಗಿನವರು ಅತಿಸಣ್ಣ ರೈತರು. ಕಾಸರಗೋಡಿನ ನಮ್ಮ ಬಹಳಷ್ಟು ಮನೆಗಳು ಇದರಲ್ಲಿಯೇ ಬರುತ್ತವೆ.

ಆದರೆ ಶೇ. 55 ಯಾವುದರ ಮೇಲೆ? ಅಂಗಡಿಯವನ ಬಿಲ್ಲಿನ ಮೇಲೆ ಅಲ್ಲ, ಸರಕಾರ ಗೊತ್ತುಮಾಡಿದ ಘಟಕ ವೆಚ್ಚದ ಮೇಲೆ. ನಿಮ್ಮ ಬಿಲ್ಲು 60,000 ರೂಪಾಯಿ, ಸರಕಾರದ ಘಟಕ ವೆಚ್ಚ 40,000 ರೂಪಾಯಿ ಎಂದಾದರೆ ಸಿಗುವುದು 33,000 ಅಲ್ಲ, 22,000. ನಿಮ್ಮ ಕೈಯಿಂದ ಹೋಗುವುದು 27,000 ಅಲ್ಲ, 38,000. ಈ 11,000ದ ಅಂತರ ತಿಳಿಯದೆ ಸಾಲ ಮಾಡಿದವರು ಇದ್ದಾರೆ.

ಎರಡನೆಯ ಮಾತು, ಅನೇಕ ಯೋಜನೆಗಳಲ್ಲಿ ಹಣ ಮೊದಲು ನಿಮ್ಮದು, ಸಹಾಯಧನ ಆಮೇಲೆ. 40,000 ರೂಪಾಯಿಯ ಯಂತ್ರಕ್ಕೆ 20,000 ಬರುತ್ತದೆಂದು ನಂಬಿ, ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ಕೈಸಾಲ ತಂದಿರೆಂದು ಇಟ್ಟುಕೊಳ್ಳಿ. ತಿಂಗಳಿಗೆ 800, ಹಣ ಬರಲು ಹತ್ತು ತಿಂಗಳಾದರೆ 8,000 ಬಡ್ಡಿ. ಸರಕಾರ ಕೊಟ್ಟ 20,000ದಲ್ಲಿ ನಿಮಗೆ ಉಳಿದದ್ದು 12,000. ಯಂತ್ರ ಅಟ್ಟದ ಮೇಲೆ ಕುಳಿತರೆ ಅದೂ ಇಲ್ಲ. ಬೇಕಾದ ವಸ್ತುವಿಗೆ ಸಹಾಯಧನ ಸಿಕ್ಕರೆ ಪಡೆಯಿರಿ, ಸಹಾಯಧನ ಇದೆಯೆಂದು ಬೇಡದ ವಸ್ತು ತರಬೇಡಿ.

ಇದಕ್ಕೆ ಹೋಲಿಸಿದರೆ ಸದ್ದಿಲ್ಲದೆ ಸಿಗುವ ನೆರವು ಬೆಳೆಸಾಲದ ಬಡ್ಡಿಯಲ್ಲಿದೆ. ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆಸಾಲಕ್ಕೆ ಶೇ. 7 ಬಡ್ಡಿ. ಗಡುವಿನೊಳಗೆ ತೀರಿಸಿದರೆ ಶೇ. 3 ರಿಯಾಯಿತಿ, ಉಳಿಯುವುದು ಶೇ. 4. ಒಂದು ಲಕ್ಷಕ್ಕೆ ವರ್ಷಕ್ಕೆ 3,000 ರೂಪಾಯಿ ಉಳಿತಾಯ. ಯಾವ ಯಂತ್ರವನ್ನೂ ಕೊಳ್ಳಬೇಕಾಗಿಲ್ಲ, ದಿನಾಂಕ ಮರೆಯದಿದ್ದರೆ ಸಾಕು.

ವಿಮೆಯಲ್ಲಿಯೂ ಬೆಳೆಯಿಂದ ಬೆಳೆಗೆ ಭೇದವಿದೆ. 2016ರಿಂದ ನಡೆದಿರುವ ಪ್ರಧಾನಮಂತ್ರಿ ಬೆಳೆ ವಿಮೆಯ ಪದ್ಧತಿಯಂತೆ ಮುಂಗಾರಿನ ಎಣ್ಣೆಕಾಳಿಗೆ ರೈತನ ಕಂತು ಶೇ. 2, ತೋಟಗಾರಿಕೆ ಬೆಳೆಗೆ ಶೇ. 5. ವಿಮೆಯ ಮೊತ್ತ 40,000 ಆದರೆ ಸೋಯಾದವನು 800 ಕಟ್ಟುತ್ತಾನೆ, ತೋಟದವನು 2,000. ಹವಾಮಾನ ಆಧಾರಿತ ವಿಮೆಯಲ್ಲಿ ಲೆಕ್ಕಕ್ಕೆ ಬರುವುದು ಮಾಪನ ಕೇಂದ್ರದಲ್ಲಿ ದಾಖಲಾದ ಮಳೆ, ನಿಮ್ಮ ತೋಟದಲ್ಲಿ ಕೊಳೆರೋಗಕ್ಕೆ ಉದುರಿದ ಕಾಯಿಯಲ್ಲ. ಆದ್ದರಿಂದ ವಿಮೆ ಕಟ್ಟಿದ್ದೇವೆಂದು ಮೈಲುತುತ್ತಿನ ಸಿಂಪರಣೆಯನ್ನು ಬಿಡುವಂತಿಲ್ಲ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆ ಹಿಡಿಯುವ ಮುನ್ನ ಒಮ್ಮೆ, 40-45 ದಿನಗಳ ಮೇಲೆ ಇನ್ನೊಮ್ಮೆ. ಇದು ಮೊದಲ ವಿಮೆ.

5. ಹೆಸರಿನ ಕತೆ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಗಡಿಭಾಗದ ಒಬ್ಬ ತಾಯಿ ಒಂದು ದಿನ ನಮ್ಮ ಕಚೇರಿಗೆ ಬಂದರು. ಗಂಡ ತೀರಿಕೊಂಡು ನಾಲ್ಕು ವರ್ಷಗಳಾಗಿದ್ದವು. ಎಂಬತ್ತು ಸೆಂಟ್ಸ್ ತೋಟ. ಅಡಿಕೆ ಹೆಕ್ಕುವುದು, ಒಣಗಿಸುವುದು, ಸುಲಿಸುವುದು ಎಲ್ಲವೂ ಅವರೇ. ಕೈಚೀಲದಿಂದ ಒಂದೊಂದೇ ಕಾಗದ ತೆಗೆದು ಮೇಜಿನ ಮೇಲಿಟ್ಟರು.

"ಅಣ್ಣಾ, ಇವರು ಇದ್ದಾಗ ಮೂರು ಕಂತು ಬರ್ತಿತ್ತು. ಈಗ ಒಂದೂ ಇಲ್ಲ. ಆಫೀಸಿನಲ್ಲಿ ಕೇಳಿದ್ರೆ ಕಾಗದ ತನ್ನಿ ಅಂತಾರೆ, ಎಂತ ಕಾಗದ ಅಂತ ನಂಗೆ ಅರ್ಥ ಆಗುದಿಲ್ಲ" ಎಂದರು.

ನಾನು ನೋಡಿದೆ. ಭೂಕಂದಾಯದ ರಸೀದಿ ಇನ್ನೂ ಗಂಡನ ಹೆಸರಿನಲ್ಲಿಯೇ ಇತ್ತು. ಅದು ಮಲಯಾಳದಲ್ಲಿ ಇದ್ದುದರಿಂದ ಅವರಿಗೆ ಓದಲು ಬರುತ್ತಿರಲಿಲ್ಲ. ತೆರಿಗೆ ಮಾತ್ರ ತಪ್ಪದೆ ಕಟ್ಟುತ್ತಿದ್ದರು. ತೆರಿಗೆ ಕಟ್ಟಿದರೆ ಭೂಮಿ ತಮ್ಮ ಹೆಸರಿಗೆ ಬಂದಂತೆ ಎಂದು ಅವರು ತಿಳಿದಿದ್ದರು. ನಾಲ್ಕು ವರ್ಷ, ವರ್ಷಕ್ಕೆ 6,000, ಒಟ್ಟು 24,000 ರೂಪಾಯಿ ಕೈತಪ್ಪಿತ್ತು.

ನಾನು ಧೈರ್ಯ ಹೇಳಿ ಹೆಸರು ವರ್ಗಾವಣೆಯ ಅರ್ಜಿಯನ್ನು ತುಂಬಿ ಕಳಿಸಿದೆ. ಆ ಕೆಲಸವೇನೋ ಆಯಿತು. ಬಳಿಕ ಕಿಸಾನ್ ನಿಧಿಗೆ ಹಾಕಿದ ಅರ್ಜಿ ಹಿಂದಕ್ಕೆ ಬಂತು. ತಪ್ಪು ನನ್ನದೇ. ಆಧಾರ್ ಕಾರ್ಡಿನಲ್ಲಿ ಅವರ ಹೆಸರಿನ ಕೊನೆಗೆ "ಅಮ್ಮ" ಎಂದಿತ್ತು, ಹೊಸ ರಸೀದಿಯಲ್ಲಿ ಇರಲಿಲ್ಲ. ಬ್ಯಾಂಕಿನ ಪುಸ್ತಕದಲ್ಲಿ ಇನ್ನೊಂದು ಇನಿಶಿಯಲ್. ಕನ್ನಡದ ಹೆಸರು ಮಲಯಾಳಕ್ಕೆ ಹೋಗಿ ಇಂಗ್ಲಿಷಿಗೆ ಬರುವಷ್ಟರಲ್ಲಿ ಒಬ್ಬರೇ ಮೂವರಾಗಿದ್ದರು. ಲೆಕ್ಕ ಓದಿದವನೆಂಬ ಜಂಬದಲ್ಲಿ ಮೊತ್ತವನ್ನು ಮೂರು ಸಲ ನೋಡಿದ್ದೆ, ಹೆಸರನ್ನು ಒಮ್ಮೆಯೂ ತಾಳೆ ನೋಡಿರಲಿಲ್ಲ. ಆ ತಾಯಿ ಮತ್ತೆ ಎರಡು ಸಲ ಬಸ್ಸು ಹತ್ತಿ ಬರಬೇಕಾಯಿತು. ಎರಡು ದಿನದ ಕೆಲಸ ಕೆಟ್ಟಿತು. ಕಡೆಗೆ ಸರಿಯಾಯಿತು, ಆದರೆ ಕಳೆದುಹೋದ ವರ್ಷಗಳ ಹಣ ಅವರಿಗೆ ಬರಲಿಲ್ಲ.

ಅಂದಿನಿಂದ ನನಗೆ ಮನದಟ್ಟಾದ ಮಾತು ಇದು: ಸಹಾಯಧನ ಬೆಳೆಗೆ ಬರುವುದಿಲ್ಲ, ದುಡಿಮೆಗೂ ಬರುವುದಿಲ್ಲ. ದಾಖಲೆಯಲ್ಲಿರುವ ಹೆಸರಿಗೆ ಬರುತ್ತದೆ. ಕಾಯಕ ಮಾಡುವವರ ಹೆಸರು ಕಾಗದದಲ್ಲಿ ಇಲ್ಲದಿದ್ದರೆ ಸರಕಾರದ ಕಣ್ಣಿಗೆ ಅವರು ರೈತರೇ ಅಲ್ಲ.

ಇದೇ ಕಾರಣಕ್ಕೆ ಗೇಣಿಗೆ ಮಾಡುವವರ ಕಷ್ಟ ಇನ್ನೂ ಹೆಚ್ಚು. ಕೇರಳದಲ್ಲಿ 1970ರ ಜನವರಿ 1ರಿಂದ ಗೇಣಿ ಪದ್ಧತಿಯನ್ನೇ ಕಾನೂನು ತೆಗೆದುಹಾಕಿತು. ಅಂದು ಅನೇಕ ಗೇಣಿದಾರರು ಒಡೆಯರಾದರು, ಒಳ್ಳೆಯದಾಯಿತು. ಆದರೆ ಇಂದು ಬಾಯಿಮಾತಿನ ಪಾಟಕ್ಕೆ ಗದ್ದೆ ಮಾಡುವವನ ಕೈಯಲ್ಲಿ ಕಾಗದವಿರುವುದಿಲ್ಲ. ಕಿಸಾನ್ ನಿಧಿಯಂತೂ ಭೂಮಿಯ ಒಡೆಯರಿಗೆ ಮಾತ್ರ. ಬೀದರದಲ್ಲಿ ಪಾಲಿಗೆ ಸೋಯಾ ಬಿತ್ತುವವನದೂ ಇದೇ ಸ್ಥಿತಿ. ಈ ಪಾಠದಿಂದ ಅದು ಪರಿಹಾರವಾಗುವುದಿಲ್ಲ. ಆದರೆ ಭೂಮಿಯ ಒಡೆಯರಾದ ಭಕ್ತರು ತಮ್ಮ ಹೆಸರಿಗೆ ಬಂದ ಬೆಳೆ ಪರಿಹಾರದಲ್ಲಿ ದುಡಿದವನ ಪಾಲನ್ನು ಅವನಿಗೆ ಮುಟ್ಟಿಸಬಹುದಲ್ಲವೇ? ಅದಕ್ಕೆ ಯಾವ ಅರ್ಜಿಯೂ ಬೇಡ.

6. ಮಾಡಬೇಕಾದ ಕೆಲಸ

ಅ) ಮನೆಯ ಯಜಮಾನರು ತೀರಿಕೊಂಡಿದ್ದರೆ ಭೂಮಿಯನ್ನು ವಾರಸುದಾರರ ಹೆಸರಿಗೆ ಮಾಡಿಸಿ. ಕರ್ನಾಟಕದಲ್ಲಿ ಇದಕ್ಕೆ ಪೌತಿ ಖಾತೆ ಎನ್ನುತ್ತಾರೆ, ಕಾಸರಗೋಡಿನಲ್ಲಿ ಪೋಕ್ಕುವರವು. ಮರಣ ಪತ್ರ, ವಾರಸುದಾರರ ಸರ್ಟಿಫಿಕೆಟ್, ಮೂಲ ಆಧಾರ ಪತ್ರ, ಇತ್ತೀಚಿನ ತೆರಿಗೆ ರಸೀದಿ ಹಿಡಿದು ವಿಲೇಜ್ ಆಫೀಸಿಗೆ ಹೋಗಿ. ಅಣ್ಣತಮ್ಮಂದಿರ ಪಾಲು ಆಗಿಲ್ಲವೆಂದು ಸುಮ್ಮನೆ ಕೂರಬೇಡಿ, ಏನು ಮಾಡಬಹುದೆಂದು ಅಲ್ಲಿಯೇ ಕೇಳಿ.

ಆ) ಆಧಾರ್, ಬ್ಯಾಂಕ್ ಪುಸ್ತಕ, ತೆರಿಗೆ ರಸೀದಿ ಮೂರನ್ನೂ ಒಂದೇ ಚಾಪೆಯ ಮೇಲಿಟ್ಟು ಹೆಸರನ್ನು ಅಕ್ಷರ ಅಕ್ಷರ ತಾಳೆ ನೋಡಿ. ಮಲಯಾಳ ಓದಬಲ್ಲ ಶಾಲೆಯ ಮಕ್ಕಳನ್ನು ಹತ್ತಿರ ಕೂರಿಸಿಕೊಳ್ಳಿ.

ಇ) ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ, ಇ-ಕೆವೈಸಿ ಆಗಿದೆಯೇ ಎಂದು ಅಕ್ಷಯ ಕೇಂದ್ರದಲ್ಲಿ ಕೇಳಿ.

ಈ) ಕನ್ನಡದಲ್ಲಿ ಅರ್ಜಿ ಬರೆಯಲು ಅಂಜಬೇಡಿ. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಅಥವಾ ಕೇಂದ್ರದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಪ್ರತಿಯೊಬ್ಬರಿಗೂ ಕೊಟ್ಟಿದೆ. ಅರ್ಜಿಯ ಒಂದು ಪ್ರತಿ ಇಟ್ಟುಕೊಂಡು ಅದರ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.

ಉ) ಬಿಲ್ಲು, ರಸೀದಿಗಳನ್ನು ಒಂದೇ ಡಬ್ಬಿಯಲ್ಲಿಡಿ. ನೋಟುಪುಸ್ತಕದಲ್ಲಿ ಸಹಾಯಧನವನ್ನು ಆದಾಯದ ಸಾಲಿನಲ್ಲಿ ಬರೆಯಬೇಡಿ, ಬೇರೆ ಪುಟದಲ್ಲಿ ಬರೆಯಿರಿ. ಅದನ್ನು ಬಿಟ್ಟು ತೋಟಕ್ಕೆ ಲಾಭವಿದೆಯೇ ಎಂಬುದು ಆಗ ಮಾತ್ರ ಕಾಣುತ್ತದೆ.

ಮನೆಯಲ್ಲಿ ಕುಳಿತು ವಿಚಾರ ಮಾಡಲು ಮೂರು ಪ್ರಶ್ನೆಗಳು:

1. ನಮ್ಮ ಭೂಮಿಯ ದಾಖಲೆಯಲ್ಲಿರುವ ಹೆಸರು ಬದುಕಿರುವವರದೇ?
2. ಕಳೆದ ವರ್ಷ ನಮಗೆ ಬಂದ ನೆರವು ಖರ್ಚಿಗೆ ಬಂದದ್ದೋ, ಬೆಲೆಗೆ ಬಂದದ್ದೋ, ನಷ್ಟಕ್ಕೆ ಬಂದದ್ದೋ? ಬಡ್ಡಿ ಕಳೆದು ಉಳಿದದ್ದೆಷ್ಟು?
3. ನಮ್ಮ ತೋಟದಲ್ಲಿ ದುಡಿಯುವ ಹೆಣ್ಣುಮಗಳ ಹೆಸರು ಯಾವ ಕಾಗದದಲ್ಲಿದೆ?

ಕಾಸರಗೋಡಿನ ಆ ಹಿರಿಯರಿಗೆ ನನ್ನ ಉತ್ತರ ಇಷ್ಟು: ಅಡಿಕೆಗೆ ಸರಕಾರ ಬೆಲೆ ಕಟ್ಟುವ ಕಾಲ ಬಂದರೆ ಬರಲಿ. ಸೋಯಾಕ್ಕೆ ಕಟ್ಟಿದ ಬೆಲೆಯೂ ಎಲ್ಲರ ಕೈಗೆ ಮುಟ್ಟಿಲ್ಲವೆಂಬುದನ್ನು ನೋಡಿದೆವು. ಅಷ್ಟರವರೆಗೆ ಸಹಕಾರಿ ಸಂಘದ ಬಾಗಿಲು ಬಿಡಬೇಡಿ, ಹೆಸರನ್ನು ಸರಿಮಾಡಿಸಿಕೊಳ್ಳಿ. ಭೂಮಿಯ ಕಾಗದ ತಂದರೆ ಮಠದ ಕಚೇರಿಯಲ್ಲಿ ಕೂತು ನೋಡಿಕೊಡುತ್ತೇವೆ. ಈ ಸಲ ಮೊದಲು ಹೆಸರನ್ನೇ ತಾಳೆ ನೋಡುತ್ತೇನೆ.

— ಕಾರ್ಯದರ್ಶಿ